ಎಮಿಲ್ ಹಾಕದ ಮತ

ಎಮಿಲ್ ಹುಡಾಕ್‌ನ ಕ್ಷೌರದಂಗಡಿ ಕೋಲ್ಟನ್ ಫೆರಿ ಎಂಬ ಊರಿನ ಮೂರನೇ ಬೀದಿಯಲ್ಲಿ, ಉಕ್ಕಿನ ಕಾರ್ಖಾನೆಯ ಗೇಟಿಗೂ ಸ್ಲೊವಾಕರ ಚರ್ಚಿಗೂ ನಡುವೆ ಇತ್ತು. ಪಾಳಿ ಮುಗಿಸಿದವರು ಒಂದು ಕಡೆಯಿಂದ ಬಂದರೆ ಪ್ರಾರ್ಥನೆ ಮುಗಿಸಿದವರು ಇನ್ನೊಂದು ಕಡೆಯಿಂದ ಬರುತ್ತಿದ್ದರು. ಕತ್ತರಿ ಎಷ್ಟು ಓಡುತ್ತಿತ್ತೋ ಎಮಿಲ್‌ನ ಬಾಯಿಯೂ ಅಷ್ಟೇ ಓಡುತ್ತಿತ್ತು. ಮೇಯರ್ ಅವನನ್ನು ನಗರದ ಸೇವಾ ಆಯೋಗಕ್ಕೆ ನೇಮಿಸಿದಾಗ, ಊರಿನ ಎಲ್ಲರ ತಲೆಯೂ ಇವನಿಗೆ ಗೊತ್ತಿದೆ, ಇನ್ನೇನು ಬೇಕು ಎಂದು ಜನ ನಕ್ಕಿದ್ದರು.

ಆಯೋಗದಲ್ಲಿ ಮೂವರು ಸದಸ್ಯರು. ಅಧ್ಯಕ್ಷೆ ಮಿಸೆಸ್ ಆಲ್ಟ್, ನಿವೃತ್ತ ಶಾಲಾ ಶಿಕ್ಷಕಿ. ಇನ್ನೊಬ್ಬ ಕ್ಲೈಡ್ ಬೀಮರ್, ವಿಮೆ ಮಾರುವವನು. ಮೂರನೆಯವನು ಎಮಿಲ್. ತಿಂಗಳಿಗೊಮ್ಮೆ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಸೇರುತ್ತಿದ್ದರು. ಪೊಲೀಸರಿಗೆ, ಬೆಂಕಿ ಆರಿಸುವವರಿಗೆ, ರಸ್ತೆ ಇಲಾಖೆಯವರಿಗೆ ಪರೀಕ್ಷೆ ನಡೆಸುವುದು, ಹೆಚ್ಚು ಅಂಕ ಬಂದ ಮೂವರ ಹೆಸರನ್ನು ಇಲಾಖೆಗೆ ಕಳಿಸುವುದು ಅವರ ಕೆಲಸ. ಮೂವರಲ್ಲಿ ಯಾರನ್ನು ಆರಿಸಬೇಕೆಂಬುದು ಇಲಾಖೆಗೆ ಬಿಟ್ಟದ್ದು. ಆದರೆ ಕೆಲಸದಿಂದ ತೆಗೆದುಹಾಕಿದವನು ಬಂದು ದೂರು ಕೊಟ್ಟರೆ ಕೇಳುವವರು ಈ ಮೂವರೇ. ವಜಾ ಸರಿ ಎನ್ನಬಹುದು, ರದ್ದು ಮಾಡಬಹುದು, ಇಲ್ಲವೇ ಶಿಕ್ಷೆಯನ್ನು ಇಳಿಸಬಹುದು. ಯಾವ ಬದಲಾವಣೆಗೂ ಇಬ್ಬರ ಮತ ಬೇಕು. ಇಬ್ಬರು ಒಪ್ಪದಿದ್ದರೆ ವಜಾ ಹಾಗೆಯೇ ನಿಲ್ಲುತ್ತದೆ.

ಇನ್ನೊಂದು ನಿಯಮವೂ ಇತ್ತು. ವಿಚಾರಣೆಗೆ ಮೊದಲು ಸದಸ್ಯರು ಆ ವಿಷಯವನ್ನು ಎರಡು ಕಡೆಯವರಲ್ಲಿ ಯಾರ ಜೊತೆಗೂ ಆಡಬಾರದು. ಕ್ಷೌರಿಕನಿಗೆ ಹಾಕಬಾರದಿದ್ದ ನಿಯಮ ಅದು.

ಆ ಫೆಬ್ರವರಿಯಲ್ಲಿ ರೂಡಿ ಪೆಟ್ರಿಕ್‌ನನ್ನು ಕೆಲಸದಿಂದ ತೆಗೆದರು. ರೂಡಿ ನಗರದ ಹಿಮ ತಳ್ಳುವ ಲಾರಿಯ ಚಾಲಕ. ಪಕ್ಕದ ಬೀದಿಯ ಮುದುಕಿಯೊಬ್ಬಳ ಅಂತ್ಯಸಂಸ್ಕಾರದ ಬೆಳಗ್ಗೆ ಚರ್ಚಿನ ಅಂಗಳ ಹಿಮದಲ್ಲಿ ಮುಚ್ಚಿಹೋಗಿತ್ತು. ಶವಪೆಟ್ಟಿಗೆ ತಂದ ಗಾಡಿ ಬೀದಿಯಲ್ಲೇ ನಿಂತಿತ್ತು. ರೂಡಿ ತನ್ನ ದಾರಿ ಬಿಟ್ಟು ನಗರದ ಲಾರಿಯನ್ನು ಅಂಗಳಕ್ಕೆ ತಿರುಗಿಸಿದ. ಹಿಮದಡಿಯಲ್ಲಿದ್ದ ಕಲ್ಲಿನ ಮೆಟ್ಟಿಲು ಕಾಣಿಸಲಿಲ್ಲ. ಲಾರಿಯ ಮುಂದಿನ, ಹಿಮ ತಳ್ಳುವ ಅಲಗು ಮುರಿಯಿತು. ಆಸ್ಪತ್ರೆಯ ದಿಬ್ಬದ ರಸ್ತೆ ಮಧ್ಯಾಹ್ನದವರೆಗೂ ಹಿಮ ತೆಗೆಯದೆ ಹಾಗೇ ಬಿದ್ದಿತ್ತು. ರಸ್ತೆ ಇಲಾಖೆಯ ಸೂಪರಿಂಟೆಂಡೆಂಟ್ ಹಾರ್ಲನ್ ಗಾಸ್ ಅಂದೇ ಅವನನ್ನು ಮನೆಗೆ ಕಳಿಸಿದ.

ರೂಡಿ ಆಯೋಗಕ್ಕೆ ದೂರು ಕೊಟ್ಟ. ವಿಚಾರಣೆಯ ಹಿಂದಿನ ಶನಿವಾರ ಅವನು ಅಂಗಡಿಗೆ ಬಂದ. ಬೇರೆ ಯಾರೂ ಇರಲಿಲ್ಲ.

“ಎಮಿಲ್, ಮಂಗಳವಾರ ನಾನು ಮನುಷ್ಯನ ಥರ ಕಾಣ್ಬೇಕು ಕಣೋ. ಆ ಮೇಷ್ಟ್ರಮ್ಮ ಕಿವಿ ಹಿಂದೇನೂ ನೋಡ್ತಾರೆ.”

“ಕೂತ್ಕೋ. ನಿನ್ನ ಮನುಷ್ಯನ ಥರ ಮಾಡೋಕೆ ಬರೀ ಕತ್ತರಿ ಸಾಲಲ್ಲ ಮಾರಾಯ, ಗಾರೆ ಬೇಕು.”

ರೂಡಿ ನಗಲಿಲ್ಲ. ಎಮಿಲ್ ಬಿಳಿ ಬಟ್ಟೆ ಹೊದಿಸಿದ, ಕೂದಲು ಒದ್ದೆ ಮಾಡಿದ. ಬೆರಳಿನಡಿ ರೂಡಿಯ ಕತ್ತು ಹಲಗೆಯಂತೆ ಬಿಗಿದುಕೊಂಡಿತ್ತು.

“ವರ್ನಾ ಮಲಗೋದೇ ಇಲ್ಲ,” ಎಂದ ರೂಡಿ ಹೆಂಡತಿಯನ್ನು ನೆನೆದು, ಕನ್ನಡಿಯ ಕಡೆ ನೋಡದೆ. “ಜಪಮಾಲೆ ಹಿಡ್ಕೊಂಡು ಅಡುಗೆಮನೇಲಿ ಕೂತಿರ್ತಾಳೆ. ಇಪ್ಪತ್ತು ವರ್ಷ ಆಗ್ತಾ ಬಂತು ಆ ಲಾರಿ ಹತ್ತಿ. ನಂಗೆ ಬೇರೇನ್ ಬರುತ್ತೆ ಹೇಳು?”

ಈಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಎಮಿಲ್‌ಗೆ ಗೊತ್ತಿತ್ತು. ಬಾಚಣಿಗೆ ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

“ಗಾಸ್ ಕೂಗಾಡ್ಲಿ ಬಿಡು. ಒಂದು ತಿಂಗಳ ಸಸ್ಪೆಂಡಿಗೆ ಇಳಿಸ್ತೀವಿ. ಮೇಷ್ಟ್ರಮ್ಮನ ಮನಸ್ಸೂ ಹಾಗೇ ಇದೆ, ನಂಗೆ ಗೊತ್ತು. ಹೋಗಿ ವರ್ನಾಗೆ ಹೇಳು, ಮಲಕ್ಕೊಳ್ಳಲಿ.”

ಕತ್ತು ಸಡಿಲಾಯಿತು. ಬೆರಳಿಗೆ ಅದು ಸ್ಪಷ್ಟವಾಗಿ ತಿಳಿಯಿತು. ಇಡೀ ದಿನ ಎಮಿಲ್ ತನ್ನೊಳಗೇ ಹಿಗ್ಗುತ್ತ ಕೆಲಸ ಮಾಡಿದ.

ಮಂಗಳವಾರ ಠಾಣೆಯ ಮಹಡಿಯಲ್ಲಿ ಎಲ್ಲರೂ ಸೇರಿದರು. ಒಂದು ಕಡೆ ಗಾಸ್ ಮತ್ತು ನಗರದ ವಕೀಲ, ಇನ್ನೊಂದು ಕಡೆ ಸಾವಿನ ಮನೆಗೆ ಹಾಕುವ ಕಪ್ಪು ಕೋಟು ತೊಟ್ಟ ರೂಡಿ. ಮಿಸೆಸ್ ಆಲ್ಟ್ ಎಂದಿನಂತೆ ಮೊದಲ ಪ್ರಶ್ನೆ ಕೇಳಿದರು. ಯಾವ ವಿಚಾರಣೆಯಲ್ಲೂ ಅವರು ಅದನ್ನು ಬಿಟ್ಟವರಲ್ಲ.

“ಸದಸ್ಯರಲ್ಲಿ ಯಾರಾದ್ರೂ ಈ ವಿಷಯವಾಗಿ ಎರಡು ಕಡೆಯವರ ಹತ್ರ ಮಾತಾಡಿದೀರಾ?”

“ಇಲ್ಲ,” ಎಂದ ಬೀಮರ್, ಪೆನ್ನಿನ ಮುಚ್ಚಳ ತೆಗೆಯುತ್ತ.

ಎಮಿಲ್ ರೂಡಿಯ ಕಡೆ ನೋಡಿದ. ರೂಡಿ ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ ತಲೆಯಾಡಿಸಿದ, ಬೇಡ ಎಂಬಂತೆ. ‘ಇಲ್ಲ’ ಎಂದುಬಿಟ್ಟರೆ ಮುಗಿಯುತ್ತಿತ್ತು. ಶನಿವಾರ ಅಂಗಡಿಯಲ್ಲಿ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಆದರೆ ಮಿಸೆಸ್ ಆಲ್ಟ್ ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತಿದ್ದರು, ಅವನು ಚಿಕ್ಕವನಾಗಿದ್ದಾಗ ತರಗತಿಯಲ್ಲಿ ನೋಡುತ್ತಿದ್ದ ಹಾಗೆ.

“ಮಾತಾಡಿದೀನಿ,” ಎಂಬ ಮಾತು ಅವನ ಕಿವಿಗೇ ಬೇರೆಯವರದೆಂಬಂತೆ ಕೇಳಿಸಿತು.

“ಏನಂತ?”

“ಒಂದು ತಿಂಗಳಿಗೆ ಇಳಿಸ್ತೀವಿ ಅಂದೆ.”

ವಕೀಲ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಅವನು ಬಾಯಿ ತೆರೆಯುವ ಮೊದಲೇ ಮಿಸೆಸ್ ಆಲ್ಟ್ ಕೈ ತೋರಿಸಿ ಕೂರಿಸಿದರು.

“ಹಾಗಾದ್ರೆ ನೀವು ಈ ವಿಷಯದಲ್ಲಿ ಕೂರೋ ಹಾಗಿಲ್ಲ, ಹುಡಾಕ್ ಅವರೇ. ದಯವಿಟ್ಟು ಕೆಳಗೆ ಹೋಗಿರಿ.”

ಕೆಳಗೆ ಬೆಂಕಿ ಆರಿಸುವವನೊಬ್ಬ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದ. “ಏನ್ ಎಮಿಲ್, ಆಚೆ ಹಾಕಿದ್ರಾ? ಬಾ, ಒಂದು ಚಾಕು ತಗೋ, ನಿನ್ನ ಕೈ ಸುಲಿಯೋದ್ರಲ್ಲಿ ಪಳಗಿದೆ,” ಎಂದ. ಎಮಿಲ್ ಚಾಕು ತೆಗೆದುಕೊಂಡು ಸುಲಿಯತೊಡಗಿದ. ಸುಮ್ಮನೆ ನಿಂತಿರಲು ಅವನಿಂದ ಆಗುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ರೂಡಿ ಮೆಟ್ಟಿಲಿಳಿದು ಬಂದು, ಟೋಪಿ ಹಾಕಿಕೊಂಡು, ಅವನನ್ನು ದಾಟಿ ಹೋದ. ಹಿಂದೆಯೇ ಮಿಸೆಸ್ ಆಲ್ಟ್ ಇಳಿದರು.

“ನಾನು ಶಿಕ್ಷೆ ಇಳಿಸೋಣ ಅಂದೆ, ಬೀಮರ್ ಬೇಡ ಅಂದ್ರು. ಒಂದಕ್ಕೊಂದು, ವಜಾ ಹಾಗೇ ಉಳೀತು,” ಎಂದರು. ಕೈಗವಸು ಹಾಕಿಕೊಳ್ಳುತ್ತ ಮತ್ತೆ ಹೇಳಿದರು, “ನೀವು ನಿಜ ಹೇಳಿದ್ದು ಸರಿ. ಶನಿವಾರಾನೂ ಸರಿಯಾಗಿ ನಡ್ಕೊಂಡಿದ್ರೆ ಚೆನ್ನಾಗಿತ್ತು.”

ಮರುದಿನ ವರ್ನಾ ಅಂಗಡಿಗೆ ಬಂದಳು. ಕಾಯುವವರ ಬೆಂಚು ತುಂಬಿತ್ತು. ಅವಳು ಬಾಗಿಲನ್ನು ತೆರೆದೇ ಹಿಡಿದು ಹೊಸ್ತಿಲಲ್ಲಿ ನಿಂತಳು. ಚಳಿಗಾಳಿ ಒಳಗೆ ನುಗ್ಗಿತು.

“ನಿಜ ಹೇಳ್ಬಿಟ್ಟೆಯಂತೆ ಎಮಿಲ್. ಒಳ್ಳೇದು. ನಿದ್ದೆ ಚೆನ್ನಾಗಿ ಬಂತಾ?”

“ವರ್ನಾ, ಒಳಗ್ ಬಾ, ಕೂತ್ಕೋ...”

“ಶನಿವಾರ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ಲ ನಿಂಗೆ. ಮಂಗಳವಾರಾನೂ ಆಗ್ಲಿಲ್ಲ. ಎರಡ್ರಲ್ಲಿ ಒಂದಿನ ಮುಚ್ಕೊಂಡಿದ್ರೂ ನನ್ನ ಗಂಡ ಇವತ್ತು ಕೆಲಸಕ್ಕೆ ಹೋಗಿರ್ತಿದ್ದ.”

ಅವಳು ಹೋದ ಮೇಲೆ ಯಾರೋ ಎದ್ದು ಬಾಗಿಲು ಹಾಕಿದರು.

ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಮಾರಾಟಕ್ಕೆ ಪಿರೋಹಿ ಎಂಬ ಆಲೂಗಡ್ಡೆ ತುಂಬಿದ ಕಡುಬು ಮಾಡುತ್ತಿದ್ದರು. ಎಮಿಲ್‌ನ ಹೆಂಡತಿ ಅಗ್ನೇಸ್ ಮತ್ತು ವರ್ನಾ ಯಾವಾಗಲೂ ಅಕ್ಕಪಕ್ಕ ಕೂತು ಕಣಕದ ಅಂಚು ಒತ್ತುವವರು. “ಇವತ್ತು ಅವಳು ಎದ್ದು ಆಲೂಗಡ್ಡೆ ಅರೆಯೋರ ಮೇಜಿಗೆ ಹೋದ್ಲು,” ಎಂದಳು ಅಗ್ನೇಸ್ ಮನೆಗೆ ಬಂದು. “ನಾನೇನ್ ಮಾಡಿದ್ದೆ?” ಎಮಿಲ್ ಎದ್ದು ಚರ್ಚಿಗೆ ಹೋದ. ಪಾದ್ರಿಯ ಮುಂದೆ ಹೇಳಿಕೊಂಡ. ನಿಜ ಹೇಳುವುದು ಪಾಪವಲ್ಲ, ಅದಕ್ಕೆ ಮೊದಲು ಆಡಿದ ಮಾತು ದುಡುಕು ಎಂದರು ಪಾದ್ರಿ. ಎಮಿಲ್‌ಗೆ ಅದನ್ನು ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಾಗಲಿಲ್ಲ. ಶನಿವಾರ ತಾನು ಮಾತಾಡಿದ್ದು ರೂಡಿಯ ಸಮಾಧಾನಕ್ಕೋ, ದೊಡ್ಡ ಮನುಷ್ಯ ಎನಿಸಿಕೊಳ್ಳುವುದಕ್ಕೋ? ಮಂಗಳವಾರ ನಿಜ ಹೇಳಿದ್ದು ನಿಯಮಕ್ಕೋ, ಮೇಷ್ಟ್ರಮ್ಮನ ಮುಂದೆ ಒಳ್ಳೆಯ ಹುಡುಗನಾಗುವುದಕ್ಕೋ? ಯೋಚಿಸಿದಷ್ಟೂ ಎರಡೂ ಒಂದೇ ಬಣ್ಣವಾಗಿ ಕಂಡವು.

ಬೇಸಿಗೆಯೆಲ್ಲ ರೂಡಿ ಸಿಕ್ಕಿದ ಕಡೆ ಕೂಲಿ ಮಾಡಿದ. ಹಿಮ ಬೀಳುವ ಮೊದಲು ಅವನ ಖಾಲಿ ಜಾಗಕ್ಕೆ ಪರೀಕ್ಷೆ ನಡೆಸಲು ಇಲಾಖೆ ಆಯೋಗವನ್ನು ಕೇಳಿತು. ವಜಾ ಆದವನನ್ನು ಪರೀಕ್ಷೆಗೆ ಕೂರಿಸದಿರುವ ಅಧಿಕಾರ ಆಯೋಗಕ್ಕಿತ್ತು. ಕೂರಿಸುವ ಅಧಿಕಾರವೂ ಇತ್ತು.

“ಅವನನ್ನೂ ಕೂರಿಸೋಣ,” ಎಂದ ಎಮಿಲ್. “ಈ ಸಲ ಯಾರ ಹತ್ರಾನೂ ಮಾತಾಡಿಲ್ಲ.”

“ಇದು ಬೇರೆ ವಿಷಯ, ನೀವು ಕೂರಬಹುದು,” ಎಂದರು ಮಿಸೆಸ್ ಆಲ್ಟ್.

ಬೀಮರ್ ಭುಜ ಕುಣಿಸಿದ. “ಪಾಸಾದ್ರೆ ಆಗ್ಲಿ ಬಿಡಿ. ಆ ದಿಬ್ಬದ ತಿರುವು ಇನ್ಯಾರಿಗೆ ಗೊತ್ತು?”

ಮೂವರೂ ಒಪ್ಪಿದರು. ಎಮಿಲ್ ಅಲ್ಲಿಂದ ನೇರ ರೂಡಿಯ ಬೀದಿಯವರೆಗೆ ನಡೆದ. ಅಡುಗೆಮನೆಯ ಕಿಟಕಿಯಲ್ಲಿ ವರ್ನಾಳ ನೆರಳು ಕಾಣಿಸಿತು. ಗೇಟಿನ ಮೇಲೆ ಕೈಯಿಟ್ಟವನು ಹಾಗೇ ತಿರುಗಿ ಮನೆಗೆ ಹೋದ. ಆಯೋಗದ ಗುಮಾಸ್ತೆ ತಿಳಿಸುತ್ತಾಳೆ. ರೂಡಿಯನ್ನು ಕೂರಿಸೋಣ ಎಂದವನು ಯಾರೆಂದು ಅವಳು ತಿಳಿಸುವುದಿಲ್ಲ.

ಪರೀಕ್ಷೆ ಹೈಸ್ಕೂಲಿನ ಊಟದ ಹಾಲಿನಲ್ಲಿ. ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ರೂಡಿ ಮೊಣಕಾಲು ಹಿಡಿಸದ ಬೆಂಚಿನಲ್ಲಿ ಕೂತಿದ್ದ. ಎಮಿಲ್ ನಿಯಮಗಳನ್ನು ಓದಿ, ಸಾಲುಗಳ ನಡುವೆ ಓಡಾಡಿದ. ರೂಡಿಯ ಹಿಂದೆ ಬಂದಾಗ ಅವನ ಕಾಲು ನಿಧಾನವಾಯಿತು. ಕೂದಲನ್ನು ಮನೆಯಲ್ಲೇ ಅಡುಗೆಯ ಕತ್ತರಿಯಿಂದ ಕತ್ತರಿಸಿದ್ದರು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಕತ್ತು ಮತ್ತೆ ಹಲಗೆಯಾಗಿತ್ತು. ಎಮಿಲ್ ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮುಂದೆ ಹೋದ.

ರೂಡಿಯ ಹೆಸರು ಮೊದಲ ಮೂವರಲ್ಲಿ ಬಂತು. ಗಾಸ್ ಗೊಣಗುತ್ತಲೇ ಅವನನ್ನು ಆರಿಸಿದ. ಆದರೆ ರೂಡಿ ಈಗ ಹೊಸಬ. ಹಳೆಯ ವರ್ಷಗಳು ಲೆಕ್ಕಕ್ಕಿಲ್ಲ, ಸಂಬಳ ಕೆಳಗಿನದು, ಸ್ಟೀರಿಂಗ್ ಸೇವೆಯಲ್ಲಿ ಅವನಿಗಿಂತ ಹಿರಿಯರಾದವರಿಗೆ. ಪ್ರೊಬೇಷನ್ ಮುಗಿಯುವವರೆಗೆ ಗಾಸ್ ಕಾರಣ ಹೇಳದೆಯೂ ಅವನನ್ನು ಮನೆಗೆ ಕಳಿಸಬಹುದು. ಆಗ ಆಯೋಗ ಅವನ ದೂರನ್ನು ಕೇಳುವ ಹಾಗೂ ಇಲ್ಲ. ಆ ನಿಯಮವನ್ನೂ ಪರೀಕ್ಷೆಯ ದಿನ ಗಟ್ಟಿಯಾಗಿ ಓದಿದವನು ಎಮಿಲ್‌ನೇ.

ಮೊದಲ ಹಿಮ ಬಿದ್ದ ಬೆಳಗ್ಗೆ ಲಾರಿ ಮೂರನೇ ಬೀದಿಗೆ ಬಂತು. ಸ್ಟೀರಿಂಗ್ ಹಿಡಿದವನು ಡೆನಿ, ಹೋದ ವರ್ಷವಷ್ಟೇ ರೂಡಿ ಕೆಲಸ ಕಲಿಸಿದ್ದ ಹುಡುಗ. ಪಕ್ಕದಲ್ಲಿ ರೂಡಿ, ಮೊಣಕಾಲುಗಳ ನಡುವೆ ಸಲಿಕೆ ನಿಲ್ಲಿಸಿಕೊಂಡು ಕೂತಿದ್ದ. ಎಮಿಲ್ ಬಾಚಣಿಗೆ ಹಿಡಿದ ಕೈಯನ್ನೇ ಕಿಟಕಿಯ ಕಡೆ ಎತ್ತಿದ. ರೂಡಿ ಮುಂದಿನ ತಿರುವನ್ನು ಡೆನಿಗೆ ಬೆರಳಿನಿಂದ ತೋರಿಸುತ್ತಿದ್ದ.

“ಅವ್ನು ರೂಡಿ ಅಲ್ವಾ?” ಎಂದ ಕುರ್ಚಿಯಲ್ಲಿದ್ದ ಮುದುಕ, ಕತ್ತು ಚಾಚಿ. “ಆ ಕಡೆ ಯಾಕೆ ಕೂತಿದಾನೆ? ಲಾರಿ ಅವನ್ದೇ ತಾನೆ?”

ಎಮಿಲ್ ಎರಡು ಬೆರಳಿನಿಂದ ಮುದುಕನ ತಲೆಯನ್ನು ಮೆಲ್ಲಗೆ ಕನ್ನಡಿಯ ಕಡೆ ತಿರುಗಿಸಿದ.

“ತಲೆ ಬಗ್ಗಿಸಿ,” ಎಂದ.