ಅವ್ವ ಮಾಡಿದ ನನ್ನ ನಕಲು

ನನಗೆ ಮೊದಲ ಸಲ ಮೂರ್ಛೆ ಬಂದಾಗ ಎಲ್ಲರೂ ನಕ್ಕರು. ಅವರದೇನೂ ತಪ್ಪಿರಲಿಲ್ಲ. ಅಕ್ಕಲಕೋಟೆಯಲ್ಲಿ ಮಾಮಾನ ಮನೆ, ಅವನ ಮೊಮ್ಮಗಳಿಗೆ ಹೆಸರಿಟ್ಟ ದಿನ. ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಅಂಥ ಹೊತ್ತಿನಲ್ಲಿ ಯಾರದಾದರೂ ನಕಲು ಮಾಡೆಂದು ನನ್ನನ್ನು ಎಬ್ಬಿಸಿ ನಿಲ್ಲಿಸುವುದು ನಮ್ಮವರಲ್ಲಿ ಎಲೆ ಅಡಿಕೆ ಕೊಡುವಷ್ಟೇ ಸಹಜ. ಮಾಮಾ ಫೋನಿನಲ್ಲಿ ಮಾತಾಡುವುದನ್ನು ಮಾಡಿ ತೋರಿಸುತ್ತಿದ್ದೆ. ಅವನದು ಮರಾಠಿಯಲ್ಲಿ ವಿನಯ, ಕನ್ನಡದಲ್ಲಿ ಬೈಗುಳ, ಎರಡೂ ಒಂದೇ ಕರೆಯಲ್ಲಿ. ಅಷ್ಟರಲ್ಲಿ ಶೇಂಗಾ ಸೀದ ವಾಸನೆ ಬಂತು. ಎಡಗಡೆಯ ತುಟಿ ತನ್ನಷ್ಟಕ್ಕೆ ತಾನೇ ಕಿವಿಯ ಕಡೆ ಜಗ್ಗತೊಡಗಿತು. ಮುಂದಿನದು ನನಗೆ ಗೊತ್ತಿಲ್ಲ.

ಆಮೇಲೆ ಕೇಳಿ ತಿಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸಿಟ್ಟು ಬಂದಾಗ ನಮ್ಮವರದು ಥೇಟ್ ಇದೇ ಮಾರಿ ಎಂದು ಮಾಮಿ ಸರ್ಟಿಫಿಕೇಟು ಕೊಟ್ಟಳಂತೆ. ನಾನು ನೆಲಕ್ಕೆ ಬಿದ್ದಾಗಲೂ ಯಾರೋ ಚಪ್ಪಾಳೆ ತಟ್ಟಿದರಂತೆ. ನೊರೆಯ ಜೊತೆ ರಕ್ತ ಬಂದ ಮೇಲೆ ನಗು ನಿಂತಿತು. ಎಚ್ಚರವಾದಾಗ ಮೂಗಿಗೆ ಜಜ್ಜಿದ ಉಳ್ಳಾಗಡ್ಡಿ ಹಿಡಿದಿದ್ದರು, ಮುಷ್ಟಿಯಲ್ಲಿ ಕೀಲಿಗೊಂಚಲು ಇಟ್ಟಿದ್ದರು. ನಾಲಿಗೆ ಕಚ್ಚಿಕೊಂಡಿದ್ದೆ. ನಾಲಿಗೆಯ ಮೇಲೆಯೇ ಬದುಕುವವನು ಅದನ್ನೇ ತಿನ್ನಲು ಹೋಗಿದ್ದೆ.

ಬಿದ್ದದ್ದಕ್ಕಿಂತ ಆ ನಗುವಿಗೆ ನಾನು ಹೆಚ್ಚು ಹೆದರಿದೆ. ಇನ್ನೊಮ್ಮೆ ಬಂದರೆ? ಸೊಲ್ಲಾಪುರದಲ್ಲಿ ನಾನು ಕೆಲಸ ಮಾಡುವ ಚಾದರದ ಅಂಗಡಿಯಲ್ಲಿ ಗಿರಾಕಿಗಳ ನಕಲು ಮಾಡದ ದಿನವೇ ಇಲ್ಲ. ಅಲ್ಲಿ ಬಿದ್ದರೆ ಜೊತೆಯವರು ಮೊದಲು ಮೊಬೈಲ್ ತೆಗೆಯುತ್ತಾರೆ, ಆಮೇಲೆ ನೀರು ತರುತ್ತಾರೆ. ಹೋಟಗಿ ಸ್ಟೇಷನ್ನಿನಲ್ಲಿ ಗಾಡಿ ಬರುವ ಹೊತ್ತಿಗೇ ತುಟಿ ಜಗ್ಗಿದರೆ? ಇನ್ನು ಆ ವಾಸನೆ. ಅವತ್ತು ಮಾಮಾನ ಮನೆಯಲ್ಲಿ ಯಾರೂ ಶೇಂಗಾ ಹುರಿದಿರಲೇ ಇಲ್ಲವಂತೆ. ಸೊಲ್ಲಾಪುರದಲ್ಲಿ ಶೇಂಗಾ ಹುರಿಯದ ಮನೆ ಯಾವುದು? ಪಕ್ಕದ ಮನೆಯ ಕಾಕು ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆಂದು ಬಾಣಲೆ ಇಟ್ಟರೆ ನಾನು ಇಲ್ಲಿ ಗೋಡೆ ಹಿಡಿದು ಕೂರುತ್ತಿದ್ದೆ. ಕೊನೆಗೆ ಅವರ ಬಾಗಿಲಿಗೇ ಹೋಗಿ ಶೇಂಗಾ ಹುರಿದಿರೇನು ಎಂದು ಕೇಳುವ ರೂಢಿ ಮಾಡಿಕೊಂಡೆ. ಹೌದೆಂದರೆ ಹೋದ ಜೀವ ಬರುತ್ತಿತ್ತು. ಹುಡುಗ ಹಸಿದಿದ್ದಾನೆಂದು ಅವರು ಒಂದು ಮುಷ್ಟಿ ಕೊಡುತ್ತಿದ್ದರು. ಇಲ್ಲ ಎಂದ ದಿನ ಅವರ ಹೊಸ್ತಿಲಲ್ಲೇ ಬಿದ್ದೆ.

ನರದ ಡಾಕ್ಟರು ಮರಾಠಿಯವರು. ಅವ್ವನದು ವಾಗದರಿ ಹಳ್ಳಿಯ ಕನ್ನಡ, ಅವಳ ಮರಾಠಿ ಕಾಯಿಪಲ್ಲೆ ಕೊಳ್ಳುವುದಕ್ಕೆ ಸಾಕಾಗುವಷ್ಟು. ಬ್ಯಾಂಕಿರಲಿ, ರೇಷನ್ ಅಂಗಡಿಯಿರಲಿ, ಅವಳ ಬಾಯಿ ನಾನೇ. ನಡುವೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ, ಅದು ಬೇರೆ ಮಾತು. ಶುರುವಿನಿಂದ ಹೇಗಾಗುತ್ತದೆ ಎಂಬುದನ್ನು ನೋಡಿದವರೇ ಹೇಳಬೇಕು ಎಂದರು ಡಾಕ್ಟರು. ಎಂದಿನಂತೆ ಅವ್ವ ನನ್ನ ಕಡೆ ನೋಡಿದಳು. ಊರವರನ್ನೆಲ್ಲ ಮಾಡಿ ತೋರಿಸುವ ನಾನು ಆ ಹೊತ್ತಿನ ನನ್ನನ್ನು ಒಮ್ಮೆಯೂ ಕಂಡಿರಲಿಲ್ಲ.

"ಬಾಯಿಲೆ ಹೇಳಾಕ ಬರಂಗಿಲ್ರಿ ಸಾಹೇಬ್ರ," ಅಂದಳು ಅವ್ವ. "ಮಾಡಿ ತೋರಸ್ತೀನಿ."

ಏನು ಬರಲಿದೆ ಎಂದು ತಿಳಿಯದೆ ಅದನ್ನೂ ನಾನೇ ಮರಾಠಿಗೆ ತಿರುಗಿಸಿದೆ.

ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ತುಟಿಯ ಎಡತುದಿ ಮೇಲೆ ಹೋಯಿತು, ಇಳಿಯಿತು, ಮತ್ತೆ ಹೋಯಿತು. ಕಣ್ಣು ಗೋಡೆಯ ಒಂದು ಮೂಲೆಯಲ್ಲಿ ನಿಂತಿತು. ಎಡಗೈ ಬೆರಳು ಸೀರೆಯನ್ನು ಚಿವುಟುತ್ತ ಚಿವುಟುತ್ತ ಮುಷ್ಟಿಯಾದವು. ಗಂಟಲಿನಿಂದ ಒಂದು ಸದ್ದು ಬಂತು, ಕೊಡಕ್ಕೆ ನೀರು ತುಂಬುವಂಥದು. ಮಂಗ್ಯಾನ ಚಾಳಿ ಎಂದು ಜನ್ಮವೆಲ್ಲ ನನ್ನನ್ನು ಬೈದವಳು! ಎಷ್ಟು ಹತ್ತಿರದಿಂದ, ಎಷ್ಟು ಸಲ ನೋಡಿದ್ದಳೋ, ಒಂದು ಎಳೆಯೂ ಬಿಟ್ಟಿರಲಿಲ್ಲ. ಅದು ನನ್ನ ಮುಖ, ಆದರೆ ಅದರೊಳಗೆ ಯಾರೂ ಇರಲಿಲ್ಲ. ಈಗ ಇವಳೂ ವಾಪಸು ಬರದಿದ್ದರೆ ಎಂಬ ಭಯ ಎಲ್ಲಿಂದ ಬಂತೋ, ಅವಳ ಭುಜ ಹಿಡಿದು ಅಲ್ಲಾಡಿಸಿದೆ.

"ಅವ್ವಾ, ಸಾಕ."

ಅವಳು ಮುಖ ಒರೆಸಿಕೊಂಡಳು. ಡಾಕ್ಟರು ತಲೆ ತಗ್ಗಿಸಿ ಗುಳಿಗೆ ಬರೆದರು.

ಗುಳಿಗೆಯಿಂದ ಮೊದಮೊದಲು ಬರೀ ನಿದ್ದೆ. ಮಾಮಾನ ದನಿ ತೆಗೆದರೆ ಸೆಲ್ ಇಳಿದ ಟೇಪ್‌ರೆಕಾರ್ಡರಿನ ಹಾಗೆ ಎಳೆಯುತ್ತಿತ್ತು. ಕಾಯಿಲೆಯ ಜೊತೆ ಕಸುಬೂ ಹೋಯಿತೆಂದುಕೊಂಡೆ. ಡಾಕ್ಟರು ಗುಳಿಗೆ ಬದಲಿಸಿದರು. ಮೂರ್ಛೆ ಅಪರೂಪವಾಯಿತು, ಆಮೇಲೆ ಬರುವುದೇ ನಿಂತಿತು. ಗುಳಿಗೆ ಮಾತ್ರ ನೀನಾಗಿ ಬಿಡಬೇಡ ಎಂದಿದ್ದಾರೆ. ಭಯಕ್ಕೆ ಯಾರೂ ಗುಳಿಗೆ ಬರೆದುಕೊಟ್ಟಿಲ್ಲ.

ಈ ಸಲ ಅಕ್ಕಲಕೋಟೆಗೆ ಹೋದಾಗ ಊಟವಾದ ಮೇಲೆ ನನ್ನನ್ನು ಎಬ್ಬಿಸಲು ಎಲ್ಲರಿಗೂ ಮನಸ್ಸು, ಯಾರಿಗೂ ಧೈರ್ಯವಿಲ್ಲ. ಮೊದಲು ನೀನು ನನ್ನ ಮೂರ್ಛೆ ಮಾಡು, ಇವರಿಗೆ ಗುರುತು ಸಿಗಲಿ ಎಂದು ಅವ್ವನಿಗೆ ನಾನೇ ಹೇಳಿದೆ. ಅವಳಿಗೆ ಇಷ್ಟವಿರಲಿಲ್ಲ. ಆದರೂ ಪಡಸಾಲೆಯ ನಡುವೆ ಕೂತು ತುಟಿ, ಕಣ್ಣು, ಬೆರಳು ಎಲ್ಲ ಮಾಡಿ ತೋರಿಸಿದಳು. ಈ ಸಲ ನಾನು ಗೋಡೆಯ ಕಡೆ ತಿರುಗಿಕೊಂಡೆ.

"ಖರೆ ಯಾವುದು, ನಕಲಿ ಯಾವುದು, ನಮಗ ಹ್ಯಾಂಗ ತಿಳೀಬೇಕ ಅಕ್ಕಾ?" ಮಾಮಾ ಕೇಳಿದ.

"ಇಂವ ನಕಲಿ ಮಾಡೂ ಮುಂದ ನಮ್ಮ ಮಾರಿ ನೋಡ್ತಿರ್ತಾನ, ನಕ್ಕೀವೋ ಇಲ್ಲೋ ಅಂತ," ಅಂದಳು ಅವ್ವ. "ಅದು ಬಂದಾಗ ಯಾರ ಮಾರೀನೂ ನೋಡಂಗಿಲ್ಲ. ನನ್ನದೂ."

ಆಮೇಲೆ ನಾನು ಎದ್ದು ಮಾಮಾನನ್ನು ಮಾಡಿದೆ. ಯಾರೂ ನಗಲಿಲ್ಲ. ಎಲ್ಲರ ದೃಷ್ಟಿ ನನ್ನ ಎಡತುಟಿಯ ಮೇಲೆ. ಇಂಥ ಪ್ರೇಕ್ಷಕರು ವೈರಿಗೂ ಬೇಡ. ಕಡೆಗೆ ಮಾಮಾನೇ ಗಂಟಲು ಸರಿಮಾಡಿಕೊಂಡ.

"ಲೇ, ಈಗ ನಗಬೇಕೋ, ಹಿಡಕೋಬೇಕೋ?"

ನಾನು ತುಸು ತಡೆದು, ಮೈಯೊಳಗೆ ಏನಾದರೂ ಏಳುತ್ತಿದೆಯೇ ಎಂದು ನೋಡಿಕೊಂಡೆ.

"ನಗ್ರಿ ಮಾಮಾ," ಅಂದೆ.

ಅವನು ನಕ್ಕ. ನಗುತ್ತಲೇ ಸರಿದು ಬಂದು, ನನ್ನನ್ನು ಕೈಚಾಚಿ ಹಿಡಿಯುವಷ್ಟು ಹತ್ತಿರ ಕೂತ.