ಹುಳುಮನೆ ದಾಟಬೇಕಿದ್ದ ಕಾರು

ನನ್ನ ಹಳೆಯ ಐಷಾರಾಮಿ ಕಾರಿನ ಇಂಜಿನ್ ಮುಚ್ಚಳದಿಂದ ಎಣ್ಣೆ ಜಿನುಗಿ, ಕಾದ ಹೊಗೆಕೊಳವೆಯ ಮೇಲೆ ಬಿದ್ದು ಸುಡುತ್ತಿತ್ತು. ಮುಚ್ಚಳದಡಿಯ ರಬ್ಬರ್ ಗ್ಯಾಸ್ಕೆಟ್ ಬದಲಿಸಿದರೆ ಸಾಕಿತ್ತು. ಮೇಲೂರಿನ ಭಾವನ ಅಂಗಳದಲ್ಲಿ ನಾನೇ ಹಾಕೋಣವೆಂದು ಹೊಸದನ್ನು ತರಿಸಿಕೊಂಡು ಹೊರಟೆ. ಅವನ ಓಣಿಯ ತಿರುವಿನಲ್ಲೇ ನೆರೆಮನೆಯ ನಾರಾಯಣಮ್ಮ ಕೈ ಅಡ್ಡ ಹಿಡಿದರು.

“ಅಲ್ಲೇ ನಿಲ್ಲಿಸಪ್ಪ! ಹುಳ ಹಣ್ಣಾಗವೆ. ಈ ಹೊಗೆ ಕುಡಿದ್ರೆ ಒಂದಾದ್ರೂ ಗೂಡು ಕಟ್ತದಾ?”

ಅವರ ರೇಷ್ಮೆಹುಳುಮನೆ ಓಣಿಗೆ ತಾಗಿಕೊಂಡೇ ಇತ್ತು. ತಿಂಗಳಿಡೀ ಸೊಪ್ಪು ಹಾಕಿ ಸಾಕಿದ ಬೆಳೆ, ಈಗ ಗೂಡು ಕಟ್ಟುವ ಹಂತಕ್ಕೆ ಬಂದಿತ್ತು. ನಾನು ಇಂಜಿನ್ ಆರಿಸಿದೆ. ಭಾವ ಬಂದ, ಇಬ್ಬರೂ ಕಾರನ್ನು ಹಿಂದಕ್ಕೆ ತಳ್ಳಿ ಹುಣಸೆಮರದಡಿ ನಿಲ್ಲಿಸಿದೆವು.

“ದೊಡ್ಡ ಕಾರು ತಳ್ಳೋ ಮಜಾನೇ ಬೇರೆ” ಎಂದ ಭಾವ.

ಮರದಡಿಯಲ್ಲೇ ನಾನು ಹಾಕಿದ ಹೊಸ ಗ್ಯಾಸ್ಕೆಟ್ ಚೆನ್ನಾಗಿಯೇ ಕೂತಿತು. ಇಂಜಿನ್ ಚಾಲೂ ಮಾಡಿದರೆ ಮತ್ತೆ ಹೊಗೆ!

“ಹೊಸದು ಹಾಕಿದ್ಮೇಲೂ ಯಾಕಪ್ಪ?” ಎಂದರು ನಾರಾಯಣಮ್ಮ.

“ಕೊಳವೆಗೆ ಅಂಟಿರೋ ಹಳೇ ಎಣ್ಣೆ ಸುಡ್ತಿದೆ ಅಮ್ಮ. ಈಗ ನಿಲ್ಲುತ್ತೆ.”

“ನಿಲ್ಲಲಿ, ಆಮೇಲೆ ನೋಡಣ.”

ಊಟದ ಹೊತ್ತಿಗೆ ನಿಂತಿತು. ಅವರು ಬಾನೆಟ್ಟಿನೊಳಗೆ ತಲೆಹಾಕಿ, ಒಂದೊಂದು ಮೂಲೆಯನ್ನೂ ಮೂಸಿದರು. ತೃಪ್ತಿಯಾದಂತೆ ಕಂಡಿತು. ಆಮೇಲೆ ನನ್ನತ್ತ ತಿರುಗಿ ಎಣ್ಣೆ ಮೆತ್ತಿದ ಅಂಗಿಯನ್ನೂ ಮೂಸಿದರು.

“ಕಾರು ಬರಲಿ. ನೀನು ಈ ಕಡೆ ಬರಬೇಡ.”

ಗ್ಯಾಸ್ಕೆಟ್ ಹಾಕುವಾಗ ದೂರ ನಿಂತು ಸಲಹೆ ಮಾತ್ರ ಕೊಟ್ಟಿದ್ದ ಭಾವ, ಬೆಳ್ಳನೆಯ ಅಂಗಿಯಲ್ಲಿ ನನ್ನ ಕಾರನ್ನು ಠೀವಿಯಿಂದ ಓಡಿಸಿಕೊಂಡು ಹೋದ. ನಾನು ಕೆರೆಯ ಏರಿ ಮೇಲಿಂದ ಸುತ್ತಿಕೊಂಡು ಅವನ ಮನೆಗೆ ಊಟಕ್ಕೆ ನಡೆದುಹೋದೆ.