ಮೂರನೆಯ ನಕ್ಷತ್ರದವರೆಗೆ

ದೋಹಾದ ನಮ್ಮ ಕಚೇರಿಯಲ್ಲಿ ಚಹಾದ ಪಟ್ಟಿ ಬರೆಯುವ ಕೆಲಸ ನನ್ನದು. ರಂಜಾನ್ ತಿಂಗಳಲ್ಲಿ ಉಪವಾಸವಿಲ್ಲದವರಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಚಹಾ. ಬೇಡ ಎಂದವರ ಹೆಸರು ಸಂಜೆ ಉಪವಾಸ ಬಿಡುವ ಇಫ್ತಾರ್ ಊಟದ ಪಟ್ಟಿಗೆ. ಈ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

ಆ ವರ್ಷ ಹೊರದೇಶದ ಇಂಜಿನಿಯರೊಬ್ಬರು ಎರಡು ತಿಂಗಳ ಕೆಲಸಕ್ಕೆ ಬಂದಿದ್ದರು. ಒಂದು ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು, "ಹೋದ ವಾರ ನಿಮ್ಮ ಮೇಲೆ ರೇಗಿದೆ. ಕ್ಷಮಿಸಬೇಕು," ಎಂದರು. ಈಗೇಕೆ ಎಂದು ಕೇಳಿದೆ. ದನಿ ತಗ್ಗಿಸಿದರು. ತಾವು ಯಹೂದಿ, ಇಂದು ಸಂಜೆಯಿಂದ ನಾಳೆ ಮೂರು ನಕ್ಷತ್ರ ಕಾಣುವವರೆಗೆ ನೀರೂ ಮುಟ್ಟದ ಪ್ರಾಯಶ್ಚಿತ್ತದ ದಿನ, ಅದಕ್ಕೂ ಮೊದಲು ತಾವು ಯಾರನ್ನು ನೋಯಿಸಿದ್ದರೋ ಅವರ ಕ್ಷಮೆ ಕೇಳಬೇಕು ಎಂದರು. "ಇಲ್ಲಿ ಯಾರಿಗೂ ತಿಳಿಯಬಾರದು." ತಿಳಿದರೆ ಕೆಲಸ ಹೋದೀತೆಂಬ ಭಯ ಅವರಿಗೆ.

ಮರುದಿನ ಅವರು ಚಹಾ ಬೇಡವೆಂದರು. ನಾನು ಅಭ್ಯಾಸಬಲದಿಂದ ಅವರ ಹೆಸರನ್ನು ಇಫ್ತಾರ್ ಪಟ್ಟಿಗೆ ಸೇರಿಸಿಬಿಟ್ಟೆ. ತಪ್ಪು ಹೊಳೆಯುವಷ್ಟರಲ್ಲಿ ಪಟ್ಟಿ ನಮ್ಮ ಅರಬ್ ಮ್ಯಾನೇಜರರ ಕೈ ಸೇರಿತ್ತು.

"ಬಿಳಿ ಸಾಯ್ಬರಿಗೂ ಉಪವಾಸವಾ ಮಾರಾಯ್ರೆ? ಇನ್ನು ನೀವೊಬ್ಬರೇ ಬಾಕಿ!" ಎಂದು ನಮ್ಮ ಬ್ಯಾರಿ ಡ್ರೈವರ್ ನಕ್ಕ.

ಸಂಜೆ ಮ್ಯಾನೇಜರ್ ಸಂತೋಷದಿಂದ ಇಂಜಿನಿಯರನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮಸೀದಿಯ ಬಾಂಗ್ ಕೇಳಿತು. ತಾವೇ ಖರ್ಜೂರವೊಂದನ್ನು ಎತ್ತಿಕೊಟ್ಟು, "ಯಲ್ಲಾ, ತಿನ್ನಿ!" ಎಂದರು. ನಕ್ಷತ್ರಗಳಿಗೆ ಇನ್ನೂ ಅರ್ಧ ಗಂಟೆಯಿತ್ತು. ಇಂಜಿನಿಯರು ಖರ್ಜೂರ ಹಿಡಿದು ಹಾಗೆಯೇ ಕುಳಿತರು. ಅವರ ಮುಖವನ್ನೇ ಮ್ಯಾನೇಜರ್ ನೋಡುತ್ತಿದ್ದರು.

ನಾನು ಎದ್ದು ಇಂಜಿನಿಯರ ಕಡೆ ತಿರುಗಿದೆ. "ಸಾರ್, ನಿಮ್ಮ ಮನೆಯಿಂದ ಫೋನ್. ಅರ್ಜೆಂಟ್ ಅಂತೆ."

ಇಬ್ಬರೂ ಹೊರಗೆ ಬಂದು ಕಾರುಗಳ ನಡುವೆ ನಿಂತೆವು. ಬೀದಿದೀಪಗಳ ಬೆಳಕಿಗೆ ಆಕಾಶ ಮಸುಕಾಗಿತ್ತು. ಎರಡು ನಕ್ಷತ್ರ ಸಿಕ್ಕವು, ಮೂರನೆಯದು ಸಿಗಲಿಲ್ಲ. ಅಷ್ಟರಲ್ಲಿ ಡ್ರೈವರ್ ಸಮೋಸ ಜಗಿಯುತ್ತ ಬಂದ. "ಫೋನ್ ಮುಗೀಲಿಲ್ವಾ ಅಂತ ಮ್ಯಾನೇಜರ್ ಕೇಳ್ತಿದ್ದಾರೆ ಸಾರ್."

"ಮುಗೀಲಿಲ್ಲ ಅಂತ ಹೇಳು," ಎಂದೆ.

ಅವನು ಫೋನಿಲ್ಲದ ನಮ್ಮ ಕಿವಿಗಳನ್ನು ನೋಡಿದ. ನಾವು ನೋಡುತ್ತಿದ್ದ ಕಡೆ ತಾನೂ ತಲೆಯೆತ್ತಿದ.

"ಹಬ್ಬದ ಚಂದ್ರನನ್ನು ಹುಡುಕುವುದಾ? ಅದಕ್ಕೆ ಇನ್ನೂ ತುಂಬಾ ದಿನ ಉಂಟು ಮಾರಾಯ್ರೆ!" ಎಂದು ನಗುತ್ತ ಒಳಗೆ ಹೋದ.

ಕೊನೆಗೆ ನೀರಿನ ಟ್ಯಾಂಕಿನ ಮೇಲೆ ಮೂರನೆಯದು ಕಂಡಿತು. ಇಂಜಿನಿಯರು ಏನೋ ಪಿಸುಗುಟ್ಟಿ, ಬೆವರಿನಿಂದ ಅಂಟಾಗಿದ್ದ ಖರ್ಜೂರವನ್ನು ಬಾಯಿಗಿಟ್ಟರು.

"ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದದ್ದು ನಾನೇ. ಕ್ಷಮಿಸಿ," ಎಂದೆ.

"ಗೊತ್ತು. ಅಷ್ಟು ದುಂಡಗೆ ಇಲ್ಲಿ ಇನ್ನಾರು ಬರೆಯುತ್ತಾರೆ?"

ಒಳಗೆ ಮ್ಯಾನೇಜರ್ ಇಂಜಿನಿಯರ ತಟ್ಟೆಯನ್ನು ಮುಚ್ಚಿಟ್ಟು ಕಾಯುತ್ತಿದ್ದರು. "ಫೋನ್ ಖಲಾಸ್?"

"ಖಲಾಸ್," ಎಂದೆ.